ನಮ್ಮ ಮನೆಯ ತಳ್ಳುಗಾಡಿಗಳು

ಕಳೆದ ಮಳೆಗಾಲದ ಒಂದು ಸಂಜೆ. ಶಾಲೆಯಿಂದ ಹಿಂದಿರುಗುತ್ತಿದ್ದೆ. ರಸ್ತೆ ಬದಿಯಲ್ಲಿ ಒಂದು ಹಳೆಯ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಗಂಡ ಒಂದು ಕೈಯಲ್ಲಿ ಕೊಡೆ ಹಿಡಿದು ಇಂಜಿನ್ನಿನೊಳಗೆ ಇಣುಕುತ್ತಿದ್ದ. ಹೆಂಡತಿ ಮಗುವನ್ನು ಎತ್ತಿಕೊಂಡು, ಯಾರಾದರೂ ನಿಲ್ಲಿಸುತ್ತಾರೇನೋ ಎಂದು ಬರುವ ಹೋಗುವ ವಾಹನಗಳನ್ನು ನೋಡುತ್ತಿದ್ದಳು. ನಾನು ನಿಲ್ಲಿಸಿ, "ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ನೀರಿನ ಪಸೆ ಇಳಿದಿರಬಹುದು. ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿ ನೋಡಿ" ಎಂದೆ. ಬುರ್ಖಾ ಧರಿಸಿದ ಟೀಚರ್ ಒಬ್ಬರ ಬಾಯಿಂದ ಇಂತಹ ಮಾತು ಬಂದೀತೆಂದು ಆತ ಎಣಿಸಿರಲಿಲ್ಲ. ಆದರೂ ಒರೆಸಿದ. ಮೂರನೆಯ ಪ್ರಯತ್ನಕ್ಕೆ ಕಾರು ಸ್ಟಾರ್ಟ್ ಆಯಿತು.

ಈ ವಿದ್ಯೆ ನನಗೆ ಮದ್ರಸದಲ್ಲಿ ಸಿಕ್ಕಿದ್ದಲ್ಲ. ಮುಂದೆ ಅಂಚೆ ಶಿಕ್ಷಣದ ಮೂಲಕ ಮಾಡಿಕೊಂಡ ಬಿ.ಎ.ಯಲ್ಲಿಯೂ ಸಿಕ್ಕಿದ್ದಲ್ಲ. ನಮ್ಮ ಮನೆಯಲ್ಲಿದ್ದ ಎರಡು ಹಳೆಯ ಕಾರುಗಳು ಕಲಿಸಿದ್ದು. ಅವು ಕಲಿಸಿದ ಇನ್ನೊಂದು ಪಾಠವೂ ಇದೆ. ಅದನ್ನು ಸಹೋದರಿಯರೊಂದಿಗೆ ಹಂಚಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ.

ಉಪ್ಪನ ಅಂಬಾಸಿಡರ್

ನನ್ನ ಉಪ್ಪ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದರು. 1988ರಲ್ಲಿ ಅವರು ಒಂದು ಅಂಬಾಸಿಡರ್ ಕೊಂಡರು. 1971ರ ಮಾಡೆಲ್, ಮಾರ್ಕ್-2. ಅಂದರೆ ನಮ್ಮ ಮನೆಗೆ ಬರುವಾಗಲೇ ಅದಕ್ಕೆ ಹದಿನೇಳು ವರ್ಷ, ನನಗೆ ಒಂಬತ್ತು. ಅದು ನನಗಿಂತ ದೊಡ್ಡದು ಎಂದು ಅಣ್ಣಂದಿರು ನನ್ನನ್ನು ರೇಗಿಸುತ್ತಿದ್ದರು.

ಇಂದಿನ ಮಕ್ಕಳಿಗೆ ಇದು ವಿಚಿತ್ರವಾಗಿ ಕಾಣಬಹುದು. ಅಂದು ಹೊಸ ಕಾರು ಕೊಳ್ಳುವುದೆಂದರೆ ಹಣ ಇದ್ದವರಿಗೂ ಸುಲಭವಿರಲಿಲ್ಲ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ನಮೂನೆಯಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು 1958ರಿಂದ ಕೋಲ್ಕತ್ತಾ ಬಳಿಯ ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಿಸುತ್ತಿದ್ದರು. ಮುಂಬೈಯಲ್ಲಿ ಫಿಯೆಟ್ ತಯಾರಾಗುತ್ತಿತ್ತು. 1970ರ ದಶಕದಿಂದ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು. ದೇಶದಲ್ಲಿ ಆಯ್ಕೆ ಹೆಚ್ಚುಕಡಿಮೆ ಇಷ್ಟೇ. ಹೊಸದಕ್ಕೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಈ ಪರಿಸ್ಥಿತಿ ಬದಲಾಗತೊಡಗಿತಾದರೂ, ನಮ್ಮಂತಹ ಮನೆಗಳಿಗೆ ಕಾರು ಎಂದರೆ ಮೂರೋ ನಾಲ್ಕೋ ಕೈ ದಾಟಿ ಬಂದ ಹಳೆಯ ಕಾರು ಎಂದೇ ಅರ್ಥ.

ಆ ಅಂಬಾಸಿಡರ್‌ನ ಗೇರು ಸ್ಟೇರಿಂಗಿನ ಬದಿಯಲ್ಲಿತ್ತು. ಮುಂದಿನ ಸೀಟು ಮಂಚದಂತೆ ಉದ್ದಕ್ಕೆ ಒಂದೇ. ಆದ್ದರಿಂದ ಮುಂದೆ ಮೂವರು ದೊಡ್ಡವರು, ಒಂದಿಬ್ಬರು ಮಕ್ಕಳು, ಹಿಂದೆ ಎಷ್ಟು ಜನ ಹಿಡಿಯುತ್ತಾರೋ ಅಷ್ಟು. ಊರಿನ ಮದುವೆ, ಬಾಣಂತನ, ಆಸ್ಪತ್ರೆ ಎಲ್ಲದಕ್ಕೂ ಅದೇ. ಆದರೆ ಬೆಳಗ್ಗೆ ಅದು ತಾನಾಗಿ ಎದ್ದ ದಿನ ಕಡಿಮೆ. ಉಪ್ಪ ಡಿಕ್ಕಿಯಿಂದ ಕಬ್ಬಿಣದ ಹ್ಯಾಂಡಲ್ ತೆಗೆದು ಮುಂಭಾಗದ ತೂತಿಗೆ ಸಿಕ್ಕಿಸಿ ತಿರುಗಿಸುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ನಾವೆಲ್ಲ ಇಳಿದು ತಳ್ಳಬೇಕು. ನೆರೆಮನೆಯ ಮಕ್ಕಳೂ ಓಡಿ ಬರುತ್ತಿದ್ದರು. ಯಾಕೆಂದರೆ ತಳ್ಳಿದವರಿಗೆ ಪೇಟೆಯವರೆಗೆ ಸವಾರಿ ಉಚಿತ. ಶಾಲೆಯ ಮುಂದೆ ಕಾರು ನಿಂತುಬಿಟ್ಟಾಗ ನನ್ನ ಗೆಳತಿಯರು ನೋಡುತ್ತಿರುವಂತೆಯೇ ತಳ್ಳಬೇಕಾಗಿ ಬಂದದ್ದುಂಟು. ಆ ಹೊತ್ತಿನಲ್ಲಿ ನಮಗೆ ಕಾರೇ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸುತ್ತಿತ್ತು.

ಕೆಂಪುಹೊಳೆಯ ಬದಿಯಲ್ಲಿ

1991ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಸಂಬಂಧಿಕರ ಮದುವೆಗೆ ಹೊರಟೆವು. ಅಜ್ಜಿ, ಉಮ್ಮ, ಚಿಕ್ಕಮ್ಮ, ಅಕ್ಕ, ನಾವು ಮಕ್ಕಳು ಸೇರಿ ಒಟ್ಟು ಹತ್ತು ಜನ. ಉಪ್ಪಿನಂಗಡಿ ದಾಟಿ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದ ಮೇಲೆ ಕಾರು ಕೆಮ್ಮತೊಡಗಿತು. ಒಂದು ತಿರುವಿನಲ್ಲಿ ನಿಂತೇಬಿಟ್ಟಿತು. ಉಪ್ಪ ಎಷ್ಟು ಸಲ ಸ್ಟಾರ್ಟ್ ಮಾಡಿದರೂ ಇಲ್ಲ.

ಹಿಂದಿನಿಂದ ಬಂದ ಲಾರಿಯೊಂದರ ಚಾಲಕ ಇಳಿದು ನೋಡಿದರು. "ಬ್ಯಾರಿಗಳೇ, ಪೆಟ್ರೋಲು ಕುದೀತಾ ಉಂಟು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಅರ್ಧ ಗಂಟೆ ಬಿಡಿ" ಎಂದರು. ಕಡಿದಾದ ಏರಿನಲ್ಲಿ ಇಂಜಿನ್ ಬಿಸಿಯೇರಿದಾಗ ಪೈಪು ಮತ್ತು ಪಂಪಿನೊಳಗಿನ ಪೆಟ್ರೋಲು ಆವಿಯಾಗುತ್ತದೆ. ಪಂಪು ದ್ರವವನ್ನು ಎಳೆಯಬಲ್ಲದು, ಆವಿಯನ್ನು ಎಳೆಯಲಾರದು. ಹಾಗಾಗಿ ಟ್ಯಾಂಕಿನಲ್ಲಿ ಪೆಟ್ರೋಲು ತುಂಬಿದ್ದರೂ ಇಂಜಿನ್ನಿಗೆ ತಲುಪುವುದಿಲ್ಲ. ತಣ್ಣಗಾದರೆ ಎಲ್ಲವೂ ಮೊದಲಿನಂತೆ. ಈ ವಿವರ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ. ಅಂದು ನಾವು ಕಂಡದ್ದು ಇಷ್ಟೇ: ಅಣ್ಣ ಕೆಂಪುಹೊಳೆಗೆ ಇಳಿದು ನೀರು ತಂದ, ಅಜ್ಜಿ ತನ್ನ ಹೆಗಲಿನ ಬಟ್ಟೆಯನ್ನೇ ಒದ್ದೆ ಮಾಡಿಕೊಟ್ಟರು. ಕಾರು ತಣಿಯುವಷ್ಟರಲ್ಲಿ ಅಸರ್ ನಮಾಝಿನ ಹೊತ್ತಾಯಿತು. ಹೊಳೆಯಲ್ಲಿ ವುಝೂ ಮಾಡಿ, ರಸ್ತೆ ಬದಿಯ ಸಮತಟ್ಟು ಜಾಗದಲ್ಲಿ ಚಾಪೆ ಹಾಸಿ ನಮಾಝ್ ಮಾಡಿದೆವು. ಉಮ್ಮ ಕಟ್ಟಿ ತಂದಿದ್ದ ಪತ್ತಿರ್ ಮತ್ತು ಕೋಳಿ ಸಾರಿನಲ್ಲಿ ಆ ಲಾರಿಯ ಚಾಲಕ ಮತ್ತು ಕ್ಲೀನರ್‌ಗೂ ಪಾಲು ಹೋಯಿತು. ಮದುವೆಯ ಬಿರಿಯಾನಿ ಹೇಗಿತ್ತೆಂದು ನನಗೀಗ ನೆನಪಿಲ್ಲ. ಹೊಳೆಯ ಬದಿಯ ಆ ಊಟ ನೆನಪಿದೆ.

ಉಪ್ಪ ಕಾರು ಮಾರಿದ್ದು

1995ರಲ್ಲಿ ಅಕ್ಕನ ಮದುವೆ ನಿಶ್ಚಯವಾಯಿತು. ಅಡಿಕೆಗೆ ಒಳ್ಳೆಯ ದರ ಇರಲಿಲ್ಲ. ಕಾರು ಮಾರುವುದೆಂದು ತೀರ್ಮಾನವಾಯಿತು. ಸಕಲೇಶಪುರದ ಕಡೆಯ ಒಬ್ಬರು ಬಂದರು. ನೋಡಿದರು, ಓಡಿಸಿದರು. 38 ಸಾವಿರಕ್ಕೆ ಒಪ್ಪಿದರು. ಉಮ್ಮ ಒಳಗಿನಿಂದ ಚಹಾ ಕಳುಹಿಸಿದರು. ಆಗ ಉಪ್ಪ ಹೇಳಿದರು: "ನೀವು ಘಾಟಿಯ ಮೇಲಿನವರು. ಈ ಗಾಡಿ ಘಾಟಿ ಹತ್ತುವಾಗ ನಿಲ್ಲುತ್ತದೆ. ಬೇಸಿಗೆಯಲ್ಲಂತೂ ಖಂಡಿತ ನಿಲ್ಲುತ್ತದೆ."

ಆ ಮನುಷ್ಯ ಚಹಾ ಕುಡಿದು, ಉಪಕಾರ ಹೇಳಿ ಎದ್ದು ಹೋದರು. ಮೂರು ವಾರಗಳ ಬಳಿಕ ಕಾರು ಮಂಗಳೂರಿನ ಒಬ್ಬರಿಗೆ ಹೋಯಿತು, ಪೇಟೆಯೊಳಗೆ ಓಡಿಸಲಿಕ್ಕೆ. 31 ಸಾವಿರಕ್ಕೆ. ಅಕ್ಕನಿಗೆ ಮಾಡಿಸಬೇಕೆಂದಿದ್ದ ಒಂದು ಸರವನ್ನು ಬಿಡಬೇಕಾಯಿತು. ಉಮ್ಮ ಎರಡು ದಿನ ಉಪ್ಪನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. "ಅವರು ಕೇಳಿದ್ದರಾ? ಕೇಳದ್ದನ್ನು ಹೇಳುವ ಅಗತ್ಯ ಏನಿತ್ತು?" ಎಂಬುದು ಅವರ ಪ್ರಶ್ನೆ. ಹದಿನಾರರ ನನಗೂ ಉಮ್ಮ ಹೇಳಿದ್ದೇ ಸರಿ ಅನಿಸಿತು. ಉಪ್ಪ ಲೋಕಜ್ಞಾನ ಇಲ್ಲದವರು ಎಂದುಕೊಂಡೆ.

ಮಾರುತಿ ಮನೆಗೆ ಬಂತು

ಮದುವೆಯಾದ ಬಳಿಕ ನನ್ನ ಗಂಡ ಸೌದಿಗೆ ಹೋದರು. 2006ರಲ್ಲಿ ರಜೆಯಲ್ಲಿ ಬಂದಾಗ ಒಂದು ಮಾರುತಿ 800 ಕೊಂಡರು. 1994ರ ಮಾಡೆಲ್, ಬಿಳಿ ಬಣ್ಣ. ಮಾರಿದವರು ದಲ್ಲಾಳಿಯ ಮೂಲಕ ಬಂದ ಅಪರಿಚಿತರು. "ಮನೆಯವರು ಮಾತ್ರ ಓಡಿಸಿದ್ದು, ಒಂದು ರೂಪಾಯಿಯ ಕೆಲಸ ಇಲ್ಲ" ಎಂದರು. ನಾವು ಹೋಗುವಾಗ ಇಂಜಿನ್ ಬೆಚ್ಚಗಿತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸಂಜೆಯ ತಂಪಿನಲ್ಲಿ ಸಮತಟ್ಟಾದ ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿ ನೋಡಿದೆವು. 75 ಸಾವಿರ ಎಣಿಸಿ ಕೊಟ್ಟೆವು.

ಒಂದು ವಾರ ಕಳೆಯುವಷ್ಟರಲ್ಲಿ ಅದರ ಗುಣ ತಿಳಿಯಿತು. ಬೆಳಗ್ಗೆ ತಣ್ಣಗಿದ್ದಾಗ ಚೋಕ್ ಎಳೆದರೂ ಏಳುತ್ತಿರಲಿಲ್ಲ. ಪೇಟೆಯ ಸಂದಣಿಯಲ್ಲಿ ಐದು ನಿಮಿಷ ನಿಂತರೆ ನೀರು ಕುದಿಯುತ್ತಿತ್ತು. ಗ್ಯಾರೇಜಿನ ಅಣ್ಣ ಬಾನೆಟ್ ಎತ್ತಿ ನೋಡಿ, "ರೇಡಿಯೇಟರ್ ಫ್ಯಾನು ತಿರುಗುವುದೇ ಇಲ್ಲ. ಹೆಡ್ ಗ್ಯಾಸ್ಕೆಟ್ ಕೂಡ ಹೋಗಿದೆ. ಗೊತ್ತಿದ್ದೇ ಮಾರಿದ್ದಾರೆ" ಎಂದರು. ದಲ್ಲಾಳಿಗೆ ಫೋನ್ ಮಾಡಿದರೆ, "ಹಳೇ ಗಾಡಿ ಅಲ್ವಾ ಭಾಯಿ" ಎಂದಷ್ಟೇ ಉತ್ತರ. ದುರಸ್ತಿಗೆಂದು ರಜೆಯ ಖರ್ಚಿಗೆ ಇಟ್ಟಿದ್ದ ಹಣದಲ್ಲಿ ಬಹುಪಾಲು ಹೋಯಿತು. ನನ್ನ ಗಂಡ ಏನೂ ಹೇಳಲಿಲ್ಲ. ಬಿಸಿಲಲ್ಲಿ ದುಡಿದು ತಂದ ಹಣ ಹಾಗೆ ಹೋದಾಗ ಅವರ ಮುಖ ಹೇಗಿತ್ತೆಂದು ನಾನು ಮರೆತಿಲ್ಲ. ಆ ರಾತ್ರಿ ಉಪ್ಪನ ನೆನಪಾಯಿತು.

ಅವರು ಸೌದಿಗೆ ಹಿಂದಿರುಗಿದ ಮೇಲೆ ಕಾರು ಅಂಗಳದಲ್ಲಿ ನಿಂತಿತು. ಅತ್ತೆಗೆ ಸಕ್ಕರೆ ಕಾಯಿಲೆ, ತಿಂಗಳಿಗೊಮ್ಮೆ ಆಸ್ಪತ್ರೆ. ಪ್ರತಿ ಸಲ ಆಟೋ ಹುಡುಕುವ ಬದಲು ನಾನೇ ಯಾಕೆ ಕಲಿಯಬಾರದು ಎಂದುಕೊಂಡೆ. ಮೊದಲು ಹೌದೆಂದದ್ದು ಅತ್ತೆಯೇ. 2007ರಲ್ಲಿ ಲೈಸೆನ್ಸ್ ಸಿಕ್ಕಿತು. ನನ್ನ ಗಂಡ ಫೋನಿನಲ್ಲಿ, "ನಾನಿರುವ ದೇಶದಲ್ಲಾದರೆ ನಿನಗೆ ಇದು ಸಾಧ್ಯವಿರಲಿಲ್ಲ" ಎಂದು ನಕ್ಕಿದ್ದರು. ಸೌದಿಯಲ್ಲಿ ಮಹಿಳೆಯರಿಗೆ ವಾಹನ ಓಡಿಸುವ ಅವಕಾಶ ಸಿಕ್ಕಿದ್ದು 2018ರ ಜೂನ್ 24ರಂದು.

ಬುರ್ಖಾ ಧರಿಸಿ ಕಾರು ಓಡಿಸುವವಳನ್ನು ನಮ್ಮ ಪೇಟೆ ಅಂದು ಹೆಚ್ಚು ನೋಡಿರಲಿಲ್ಲ. ಕಾರು ಸರಿಯಾಗಿ ಓಡುವಾಗ ಯಾರೂ ಏನೂ ಹೇಳುವುದಿಲ್ಲ. ಜಂಕ್ಷನ್ನಿನ ನಡುವೆ ನಿಂತುಬಿಟ್ಟರೆ ಎಲ್ಲರಿಗೂ ಬಾಯಿ ಬರುತ್ತದೆ. "ಹೆಂಗಸರಿಗೆ ಯಾಕೆ ಇದೆಲ್ಲ" ಎಂದವರಿದ್ದರು. ಹಾಗೆ ಹೇಳುತ್ತಲೇ ಬಂದು ತಳ್ಳಿ ಕೊಟ್ಟವರೂ ಇದ್ದರು! ನಾನು ಗ್ಯಾರೇಜಿನ ಅಣ್ಣನ ಬಳಿ ನಿಂತು ಒಂದೊಂದಾಗಿ ಕಲಿತೆ. ಪಾಯಿಂಟಿಗೆ ಕಾಟು ಹಿಡಿದರೆ ಉಜ್ಜು ಕಾಗದದಲ್ಲಿ ಮೆಲ್ಲಗೆ ಉಜ್ಜಬೇಕು. ಮಳೆಯಲ್ಲಿ ನಿಂತರೆ ಡಿಸ್ಟ್ರಿಬ್ಯೂಟರ್ ಒರೆಸಬೇಕು. ಕುದಿಯುತ್ತಿರುವ ರೇಡಿಯೇಟರ್‌ನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು, ಒಳಗಿನ ಒತ್ತಡಕ್ಕೆ ಬಿಸಿನೀರು ಮುಖಕ್ಕೆ ಚಿಮ್ಮುತ್ತದೆ. ಫ್ಯಾನಿಗೆ ಅಣ್ಣ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಪ್ರತ್ಯೇಕ ಸ್ವಿಚ್ ಕೂರಿಸಿಕೊಟ್ಟರು, ಮನೆಯ ಲೈಟಿಗೆ ಇರುವಂತಹದ್ದು. ಪೇಟೆ ಬಂದಾಗ ಅದನ್ನು ಒತ್ತುವ ಕೆಲಸ ನನ್ನ ಮಗಳದ್ದು.

ಮ್ಯಾಟಿನ ಕೆಳಗೆ

ಇನ್ನು ನಾನು ಹೇಳಲಿಕ್ಕೆ ಹೊರಟ ವಿಷಯ.

2013ರಲ್ಲಿ ಸೌದಿಯಲ್ಲಿ ನಿತಾಖತ್ ಬಿಗಿಯಾಯಿತು. ಸ್ವದೇಶದವರಿಗೆ ಕೆಲಸ ಕೊಡಬೇಕೆಂಬ ಆ ನಿಯಮದಿಂದಾಗಿ ಕೆಲಸ ಕಳೆದುಕೊಂಡು ಊರಿಗೆ ಮರಳಿದ ಅನೇಕರಲ್ಲಿ ನನ್ನ ಗಂಡನೂ ಒಬ್ಬರು. ಒಂದು ಸಣ್ಣ ಅಂಗಡಿ ಇಡುವುದೆಂದು ಆಲೋಚಿಸಿದೆವು. ಮುಂಗಡಕ್ಕೆ ಹಣ ಸಾಲದು. ಕಾರು ಮಾರುವುದು ಎಂದಾಯಿತು. ಖಾಸಗಿ ಕಾರಿನ ಮೊದಲ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಮ್ಮದರ ಅವಧಿ ಮರುವರ್ಷ ಮುಗಿಯಲಿಕ್ಕಿತ್ತು. 40 ಸಾವಿರ ಸಿಕ್ಕರೆ ಭಾಗ್ಯ ಎಂದರು ಪರಿಚಯದವರು.

ಕರಾವಳಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಕಾರಿನ ಕೆಳಭಾಗ ಅಷ್ಟರಲ್ಲಿ ತುಕ್ಕು ತಿಂದಿತ್ತು. ಹಿಂದಿನ ಸೀಟಿನ ಮುಂದೆ, ಕಾಲಿಡುವಲ್ಲಿ, ಒಂದು ಅಂಗೈ ಅಗಲದ ತೂತು. ಅದರ ಮೂಲಕ ರಸ್ತೆ ಕಾಣುತ್ತಿತ್ತು. ನಾವು ಅಲ್ಲಿ ಒಂದು ಹಲಗೆ ತುಂಡು ಇಟ್ಟು ಕಾಲ ಕಳೆಯುತ್ತಿದ್ದೆವು. ಮಾರುವ ಮುನ್ನ ಕಾರನ್ನು ತೊಳೆದೆ. ಪೇಟೆಗೆ ಹೋಗಿ 350 ರೂಪಾಯಿಗೆ ಹೊಸ ಮ್ಯಾಟು ತಂದು ಹಾಸಿದೆ. ಚಂದ ಕಾಣಲಿ ಎಂದು ಹಾಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಗಂಡ ನೋಡಿದರು, ಏನೂ ಹೇಳಲಿಲ್ಲ.

ಅದೇ ವಾರ ತರಗತಿಯಲ್ಲಿ ಮಕ್ಕಳಿಗೆ ನಾನು ಯಾವ ಪಾಠ ಮಾಡಿದ್ದೆ ಗೊತ್ತೇ? ಪ್ರವಾದಿವರ್ಯರು(ಸ) ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಘಟನೆ. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಒದ್ದೆಯಾದದ್ದನ್ನು ಮೇಲೆಯೇ ಇಡಬಾರದಿತ್ತೇ ಎಂದು ಅವರು ಕೇಳಿದ್ದರು. ಎಷ್ಟೋ ವರ್ಷಗಳಿಂದ ಮಾಡುತ್ತ ಬಂದ ಪಾಠ. ಆ ಧಾನ್ಯಕ್ಕೂ ನನ್ನ ಮ್ಯಾಟಿಗೂ ಸಂಬಂಧ ಇದೆಯೆಂದು ನನಗೆ ಹೊಳೆಯಲಿಲ್ಲ. ಹೊಳೆಯಲು ನಾನು ಬಿಡಲಿಲ್ಲ ಎನ್ನುವುದು ಹೆಚ್ಚು ಸರಿ.

ಭಾನುವಾರ ಕೊಳ್ಳುವವರು ಬಂದರು. ಮನೆಗಳಿಗೆ ಬಣ್ಣ ಬಳಿಯುವ ಕೆಲಸದ ಯುವಕ, ಜೊತೆಗೆ ಹೆಂಡತಿ, ನಾಲ್ಕು ವರ್ಷದ ಒಬ್ಬ ಹುಡುಗ, ಕೈಯಲ್ಲಿ ಒಂದು ಕೂಸು. ಆತ ಇಂಜಿನ್ ನೋಡಿದ. ಫ್ಯಾನಿನ ಸ್ವಿಚ್ಚಿನ ವಿಷಯ ನನ್ನ ಗಂಡ ಹೇಳಿದರು. ಆತ ತಲೆಯಾಡಿಸಿದ. 40 ಸಾವಿರಕ್ಕೆ ಮಾತು ಬಹುತೇಕ ಮುಗಿದಿತ್ತು. ಆ ಹೆಂಗಸು ಹಿಂದಿನ ಬಾಗಿಲು ತೆರೆದು ಹುಡುಗನನ್ನು ಕೂರಿಸಿದಳು. "ಇದು ಇನ್ನು ನಮ್ಮ ಕಾರು" ಎಂದು ಅವನಿಗೆ ಹೇಳಿದಳು. ಹುಡುಗ ಸೀಟಿನಿಂದ ಇಳಿದು, ಖುಷಿಗೆ ಆ ಹೊಸ ಮ್ಯಾಟಿನ ಮೇಲೆ ಕುಣಿಯತೊಡಗಿದ.

ಕೆಳಗಿನ ಹಲಗೆ ಕಿರ್ ಎಂದಿತು. ಅದು ನನಗೆ ಮಾತ್ರ ಕೇಳಿಸಿತು.

ನಾನು ಹೋಗಿ ಹುಡುಗನನ್ನು ಎತ್ತಿ ಹೊರಗೆ ನಿಲ್ಲಿಸಿದೆ. ಮ್ಯಾಟು ಎತ್ತಿದೆ. ಹಲಗೆ ತೆಗೆದೆ. "ನೋಡಮ್ಮಾ, ಇಲ್ಲಿ ತೂತು ಇದೆ. ಮೊದಲೇ ಹೇಳಬೇಕಿತ್ತು, ನಾನು ಹೇಳಲಿಲ್ಲ" ಎಂದೆ. ನನ್ನ ಕೈ ನಡುಗುತ್ತಿತ್ತು. ಒಬ್ಬ ಹೆಂಗಸಿನ ಮುಂದೆ ಅಷ್ಟು ನಾಚಿಕೆಯಾದದ್ದು ನನಗೆ ನೆನಪಿಲ್ಲ. ಆಕೆ ಬೈಯಲಿಲ್ಲ. ತೂತನ್ನು ನೋಡಿದಳು, ಗಂಡನನ್ನು ನೋಡಿದಳು. ಅವರಿಬ್ಬರೂ ಗೇಟಿನ ಬಳಿ ಹೋಗಿ ಬಹಳ ಹೊತ್ತು ಮಾತನಾಡಿದರು. ಮತ್ತೆ ಬಂದು 28 ಸಾವಿರ ಎಂದರು. ತಗಡು ಹಾಕಿಸಿ ವೆಲ್ಡಿಂಗ್ ಮಾಡಿಸಲು, ಬಣ್ಣಕ್ಕೆ ಅಷ್ಟು ಕಳೆಯಬೇಕು ಎಂದರು. ಒಪ್ಪಿದೆವು. ಆ ಕಾರಿನ ಎಲ್ಲ ಕಾಯಿಲೆಗಳನ್ನೂ, ಅವುಗಳ ಮದ್ದನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ.

ಅಂಗಡಿಯ ಮುಂಗಡಕ್ಕೆ ಕಡಿಮೆಯಾದ 12 ಸಾವಿರವನ್ನು ಸಾಲ ಮಾಡಬೇಕಾಯಿತು. ಸಂಬಂಧಿಕರೊಬ್ಬರು, "ಓದಿದವರಿಗೆ ವ್ಯಾಪಾರ ಆಗುವುದಿಲ್ಲ" ಎಂದರು. ನನ್ನ ಗಂಡ ಅಂದು ರಾತ್ರಿ ಹೇಳಿದ್ದು ಒಂದೇ ಮಾತು: "ನೀನು ಎತ್ತದಿದ್ದರೆ ನಾನು ಎತ್ತುತ್ತಿದ್ದೆನೋ ಇಲ್ಲವೋ, ನನಗೂ ಗೊತ್ತಿಲ್ಲ."

ಮರುದಿನ ಉಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಮ್ಯಾಟು ಹಾಸಿದ್ದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಸಕಲೇಶಪುರದವರು ಚಹಾ ಕುಡಿಯುವಾಗ ನಾನೂ ಅರ್ಧ ಲೋಟದವರೆಗೆ ಸುಮ್ಮನಿದ್ದೆ ಮಗಳೇ" ಎಂದರು. ಇಷ್ಟು ವರ್ಷ ಅವರಿಗೆ ಅದು ಸುಲಭವಾಗಿತ್ತೆಂದು ನಾನು ಭಾವಿಸಿದ್ದೆ.

ಹಳೆಯ ಕಾರು ಕೊಳ್ಳುವ ಸಹೋದರಿಯರಿಗೆ

ನಾವು ಮೋಸಹೋದದ್ದರಿಂದ ಕಲಿತ ಕೆಲವು ಮಾತುಗಳು ಇಲ್ಲಿವೆ. ಕಾರನ್ನು ಬೆಳಗ್ಗೆ, ಇಂಜಿನ್ ತಣ್ಣಗಿರುವಾಗಲೇ ನೋಡಿ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಸ್ವಲ್ಪ ಹೊತ್ತು ಕಾಯಿರಿ. ಸಮತಟ್ಟಾದ ರಸ್ತೆಯಲ್ಲಿ ಮಾತ್ರವಲ್ಲ, ಏರಿನಲ್ಲೂ ಓಡಿಸಿ. ಇಂಜಿನ್ ಆಯಿಲ್ ಹಾಕುವ ಮುಚ್ಚಳ ತೆರೆದು ನೋಡಿ, ಒಳಗೆ ಹಾಲಿನ ಕೆನೆಯಂತಹದ್ದು ಕಂಡರೆ ಆಯಿಲಿಗೆ ನೀರು ಬೆರೆಯುತ್ತಿರುವ ಸಂಶಯವಿದೆ. ಮೀಟರ್ ಕಡಿಮೆ ತೋರಿಸುತ್ತಿದ್ದು ಬ್ರೇಕ್ ಪೆಡಲಿನ ರಬ್ಬರು ಪೂರ್ತಿ ಸವೆದಿದ್ದರೆ ಮೀಟರನ್ನು ನಂಬಬೇಡಿ. ಮ್ಯಾಟುಗಳನ್ನು ಎತ್ತಿ ನೋಡಿ. ಹೊಸ ಮ್ಯಾಟಾದರೆ ಖಂಡಿತ ಎತ್ತಿ ನೋಡಿ.

ಆರ್.ಸಿ.ಯಲ್ಲಿರುವ ಚಾಸಿಸ್ ಸಂಖ್ಯೆ ಕಾರಿನಲ್ಲಿರುವುದರೊಂದಿಗೆ ತಾಳೆಯಾಗಬೇಕು. ಬ್ಯಾಂಕ್ ಸಾಲ ಬಾಕಿ ಇದೆಯೇ, ವಿಮೆ ಇದೆಯೇ ನೋಡಿಕೊಳ್ಳಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಆರ್.ಟಿ.ಒ. ಕಚೇರಿಗೆ ಕೊಡಬೇಕು. ಮಾರುವವರೂ ಇದನ್ನು ಕಡೆಗಣಿಸಬಾರದು. ಹೆಸರು ಬದಲಾಗುವವರೆಗೆ ಅಪಘಾತವೇನಾದರೂ ಆದರೆ ಹೊಣೆ ನಿಮ್ಮ ತಲೆಗೆ ಬರಬಹುದು. ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. ಹಳೆಯ ಕಾರು ಅಗ್ಗವೆಂದು ಕೊಳ್ಳುವ ಮುನ್ನ ಈ ಖರ್ಚಿನ ಲೆಕ್ಕವೂ ಇರಲಿ.

ಆ ಕಾರುಗಳ ಕಾಲ ಮುಗಿಯಿತು. ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ರಂದು ರಸ್ತೆಯಿಂದ ಮರೆಯಾಯಿತು. ನಾನೀಗ ಓಡಿಸುವ ಕಾರು, ಅಲ್ಹಮ್ದುಲಿಲ್ಲಾಹ್, ಕೀಲಿ ತಿರುಗಿಸಿದೊಡನೆ ಏಳುತ್ತದೆ. ಯಾರೂ ತಳ್ಳಬೇಕಾಗಿಲ್ಲ. ಮಕ್ಕಳಿಗೆ ಶಿರಾಡಿ ಘಾಟಿಯಲ್ಲಿ ಕೆಂಪುಹೊಳೆ ಇರುವುದೂ ಗೊತ್ತಾಗುವುದಿಲ್ಲ, ಅಷ್ಟು ಬೇಗ ದಾಟಿಬಿಡುತ್ತೇವೆ.

ಆದರೆ ಮ್ಯಾಟು ಹಾಸುವುದು ಕಾರಿನಲ್ಲಿ ಮಾತ್ರವೇ? ಹೆಣ್ಣು ಗಂಡಿನ ಸಂಬಂಧ ಕುದುರಿಸುವಾಗ ಮಗಳ ಕಾಯಿಲೆಯ ಮೇಲೆ, ಮಗನ ಸಾಲದ ಮೇಲೆ, ದುರಭ್ಯಾಸದ ಮೇಲೆ ನಾವು ಎಷ್ಟು ಚಂದದ ಮ್ಯಾಟು ಹಾಸುತ್ತೇವೆ! ಅವರು ಕೇಳಲಿಲ್ಲ, ನಾವು ಹೇಳಲಿಲ್ಲ ಎನ್ನುತ್ತೇವೆ. ಅದರ ಮೇಲೆ ಕಾಲಿಡುವುದು ಇನ್ನೊಬ್ಬರ ಮನೆಯ ಮಗು. ಹಳೆಯ ಕಾರು ಮಾರುವುದರಲ್ಲಿ ತಪ್ಪಿಲ್ಲ, ಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಹಳೆಯದಾದ ಮೇಲೆ ಒಂದು ಕೊರತೆ ಇದ್ದೇ ಇರುತ್ತದೆ. ಅದನ್ನು ಕೊಳ್ಳುವವರ ಕಣ್ಣಿಗೆ ಕಾಣುವಂತೆ ಇಟ್ಟರೆ ಸಾಕು. 12 ಸಾವಿರದ ಆ ಸಾಲ ಹದಿನಾಲ್ಕು ತಿಂಗಳಲ್ಲಿ ತೀರಿತು. ಆ ಹುಡುಗನ ಕಾಲು ಅಂದು ತೂತಿನೊಳಗೆ ಇಳಿದಿದ್ದರೆ, ಅದನ್ನು ತೀರಿಸಲು ನನಗೆ ಎಷ್ಟು ವರ್ಷ ಬೇಕಾಗುತ್ತಿತ್ತು?